ಅರೆತಲೆನೋವು ಮತ್ತು ನಮ್ಮ ಅಡುಗೆಮನೆಯ ಉಪ್ಪು

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆರೋಗ್ಯ ವಿಭಾಗದ ವತಿಯಿಂದ ನೀಡಿದ ಮಾಹಿತಿಯ ಬರಹರೂಪ)



ಇವತ್ತಿನ ವಿಷಯವನ್ನು ಆರಿಸಿದ್ದು ನಾವಲ್ಲ, ನೀವು. ಕಳೆದ ಸಭೆ ಮುಗಿದ ಮೇಲೆ ಪ್ರಶ್ನೆಗಳ ಡಬ್ಬಿಯನ್ನು ತೆರೆದು ನೋಡಿದಾಗ ಎರಡು ಚೀಟಿಗಳು ಸಿಕ್ಕಿದವು. ಒಂದರಲ್ಲಿ, "ಉಪ್ಪು ಬಿಟ್ಟರೆ ಅರೆತಲೆನೋವು ಹೋಗ್ತದಾ?" ಎಂದು ಬರೆದಿತ್ತು. ಇನ್ನೊಂದರಲ್ಲಿ, "ಉಪ್ಪು ನೀರು ಕುಡಿದರೆ ಅರೆತಲೆನೋವು ನಿಲ್ತದೆ ಅಂತಾರೆ, ಸರಿಯಾ?" ಎಂದಿತ್ತು. ಎರಡೂ ಒಂದೇ ಸಭೆಯಲ್ಲಿ ಬಂದ ಪ್ರಶ್ನೆಗಳು. ಒಬ್ಬರು ಬಿಡಬೇಕೋ ಎಂದು ಕೇಳಿದ್ದಾರೆ, ಇನ್ನೊಬ್ಬರು ಕುಡಿಯಬೇಕೋ ಎಂದು ಕೇಳಿದ್ದಾರೆ. ನಾವು ಮೊದಲು ನಕ್ಕೆವು. ಆಮೇಲೆ ನಗು ನಿಂತಿತು, ಯಾಕೆಂದರೆ ಮೊದಲನೆಯ ಪ್ರಶ್ನೆಯ ಹಿಂದೆ ನಮ್ಮದೇ ಒಂದು ತಪ್ಪು ಉಂಟು. ಅದನ್ನು ಇವತ್ತು ಹೇಳಿಬಿಡಬೇಕು.

ಉಪ್ಪಿನ ಮಾತನ್ನು ಆಡಲು ನಮ್ಮ ಕಡೆಗಿಂತ ಒಳ್ಳೆಯ ಊರಿಲ್ಲ. ಪುತ್ತೂರು ತಾಲೂಕಿನಲ್ಲಿ ನೇತ್ರಾವತಿ, ಕುಮಾರಧಾರಾ ಸೇರುವ ಜಾಗದ ಹೆಸರೇ ಉಪ್ಪಿನಂಗಡಿ. ಕಡಲ ಕಡೆಯಿಂದ ದೋಣಿಯಲ್ಲಿ ಬಂದ ಉಪ್ಪು ಅಲ್ಲಿ ಇಳಿದು ಘಟ್ಟದ ಮೇಲೆ ಹೋಗುತ್ತಿತ್ತು ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಆ ಉಪ್ಪಿನಲ್ಲಿ ಒಂದು ಪಾಲು ನಮ್ಮ ಭರಣಿಗಳಲ್ಲೇ ಉಳಿಯಿತು ಎನ್ನಬೇಕು. ಮಳೆಗಾಲಕ್ಕೆಂದು ಕೂಡಿಟ್ಟ ಉಪ್ಪಿನ ಸೊಳೆ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಮಿಡಿ ಉಪ್ಪಿನಕಾಯಿ, ಕಣಿಲೆ, ಬಾಳಕದ ಮೆಣಸು, ಹಲಸಿನ ಹಪ್ಪಳ, ಅಟ್ಟದಲ್ಲಿ ಕಟ್ಟಿಟ್ಟ ಒಣಮೀನು. ಇದರಲ್ಲಿ ಒಂದಾದರೂ ಇಲ್ಲದ ಮನೆ ಇಲ್ಲಿ ಯಾರದ್ದಾದರೂ ಉಂಟಾ?

ಈಗ ನಮ್ಮ ತಪ್ಪಿನ ವಿಷಯ. ಕಳೆದ ವರ್ಷ ಬೇಸಗೆಗೆ ಮೊದಲು ನಾವು ಹಳ್ಳಿಗಳಲ್ಲಿ ಬಿ.ಪಿ. ತಪಾಸಣೆ ಮಾಡಿದ್ದೆವು. ಎಲ್ಲ ಕಡೆಯೂ ಒಂದೇ ಮಾತು ಹೇಳಿದೆವು: "ಉಪ್ಪು ಕಡಿಮೆ ಮಾಡಿ." ಯಾರಿಗೆ, ಎಷ್ಟು, ಯಾಕೆ ಎಂದು ಬಿಡಿಸಿ ಹೇಳಲು ಸಮಯ ಇರಲಿಲ್ಲ. ಸಾಲು ಉದ್ದ ಇತ್ತು, ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಕಡಬ ಕಡೆಯ ಒಬ್ಬರು ಅಕ್ಕ ಅಲ್ಲಿಗೆ ಬಂದಿದ್ದರು. ರಬ್ಬರ್ ಟ್ಯಾಪಿಂಗ್ ಮಾಡುವವರು, ಬಿ.ಪಿ.ಗೆ ಮೂತ್ರ ಹೆಚ್ಚು ಹೋಗುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದವರು. ಅವರಿಗೆ ಇಪ್ಪತ್ತು ವರ್ಷದಿಂದ ಅರೆತಲೆನೋವು. ನಮ್ಮ ಮಾತು ಅವರ ಕಿವಿಗೆ ಬಿದ್ದದ್ದು, "ತಲೆನೋವಿಗೆ ಉಪ್ಪೇ ಕಾರಣ" ಎಂದು. ಗಂಜಿಗೂ ಉಪ್ಪು ಹಾಕುವುದನ್ನು ನಿಲ್ಲಿಸಿದರು. ಏಪ್ರಿಲ್ ತಿಂಗಳ ಸೆಖೆ, ಬೆವರು, ಬಾಯಾರಿಕೆಗೆ ಬರೀ ನೀರು. ಮೂರನೆಯ ವಾರದಲ್ಲಿ ತೋಟದಲ್ಲೇ ತಲೆ ತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ತೀರಾ ಇಳಿದಿತ್ತು. ನಾಲ್ಕು ದಿನ ಮಲಗಿದರು, ಸಂಬಳ ಹೋಯಿತು, ಸಂಘದಿಂದ ಸಾಲ ತೆಗೆಯಬೇಕಾಯಿತು. ಅವರು ನಮ್ಮನ್ನು ದೂರಲಿಲ್ಲ. "ನೀವು ಹೇಳಿದ್ದನ್ನು ನಾನೇ ಜಾಸ್ತಿ ಮಾಡಿದೆ" ಎಂದರು. ಹೇಳುವವರು ಸರಿಯಾಗಿ ಹೇಳಿದ್ದರೆ ಕೇಳುವವರು ಜಾಸ್ತಿ ಮಾಡುತ್ತಿರಲಿಲ್ಲ ಎಂಬುದು ನಮಗೆ ಗೊತ್ತು. ಅವರು ಇವತ್ತು ಇಲ್ಲೇ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ, ಹೆಸರು ಬೇಡ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ತುಳುವಿನಲ್ಲಿ ತರೆಬೇನೆ ಎನ್ನುತ್ತೇವೆ, ಕೇರಳದಿಂದ ಬಂದು ನೆಲೆಸಿದ ಚೇಚಿಯರು ಚೆನ್ನಿಕುತ್ತ್ ಎನ್ನುತ್ತಾರೆ. ತಲೆಯ ಒಂದು ಬದಿ ಗುದ್ದಿದ ಹಾಗೆ ಆಗುವುದು, ವಾಕರಿಕೆ, ಬೆಳಕು ಕಂಡರೆ ಆಗುವುದಿಲ್ಲ, ಶಬ್ದ ಆಗುವುದಿಲ್ಲ, ಒಗ್ಗರಣೆಯ ವಾಸನೆ ಕೂಡ ಆಗುವುದಿಲ್ಲ, ಕತ್ತಲೆ ಕೋಣೆಯಲ್ಲಿ ಮಲಗಬೇಕು. ಮದ್ದು ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆಗಳು ಓಡುತ್ತವೆ. ಇದು ಪಿತ್ತ ಅಲ್ಲ, ಗ್ಯಾಸ್ ಅಲ್ಲ, ಕೆಲಸ ತಪ್ಪಿಸುವ ಉಪಾಯ ಅಂತೂ ಅಲ್ಲವೇ ಅಲ್ಲ. ಮೆದುಳಿನ ನರಗಳು ಬೇರೆಯವರದ್ದಕ್ಕಿಂತ ಬೇಗ ಕೆರಳುವ ಸ್ವಭಾವ. ಹೆಚ್ಚಾಗಿ ಮನೆತನದಲ್ಲಿ ಬರುತ್ತದೆ: ಅಮ್ಮನಿಗೆ ಇದ್ದರೆ ಮಗಳಿಗೆ.

ಇದು ನಮ್ಮಲ್ಲಿ ಎಷ್ಟು ಜನಕ್ಕೆ ಉಂಟು? ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ಕೇಳಿ ಒಂದು ಅಧ್ಯಯನ ಮಾಡಿದರು. ಅದು 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮೈಗ್ರೇನ್ ಬಂದವರು ನಾಲ್ಕರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯವರಿಗೆ ತಲೆನೋವಿಲ್ಲ, ಅದು ಪೇಟೆಯವರ ಟೆನ್ಶನ್ ಕಾಯಿಲೆ ಎಂದು ನಾವೂ ಹಿಂದೆ ಭಾಷಣ ಮಾಡಿದ್ದುಂಟು. ಲೆಕ್ಕ ನೋಡಿದರೆ ಉಲ್ಟಾ.

ಇನ್ನು ಉಪ್ಪಿನ ವಿಷಯಕ್ಕೆ ಬರುವ. ಉಪ್ಪಿನಲ್ಲಿ ಹತ್ತರಲ್ಲಿ ನಾಲ್ಕು ಪಾಲು ಸೋಡಿಯಂ. ನರದಲ್ಲಿ ಸುದ್ದಿ ಓಡುವುದು ಸೋಡಿಯಂ ಒಳಗೆ ಹೊರಗೆ ಹೋಗಿ ಬರುವುದರಿಂದಲೇ. ಮನೆತನದಲ್ಲಿ ಬರುವ ಒಂದು ಅಪರೂಪದ ಮೈಗ್ರೇನ್ ಉಂಟು, ಅದರಲ್ಲಿ ಒಂದು ಬದಿಯ ಕೈಕಾಲಿನ ಬಲ ಸ್ವಲ್ಪ ಹೊತ್ತು ಹೋಗುತ್ತದೆ. ಅಂತಹ ಕೆಲವು ಮನೆತನಗಳಲ್ಲಿ ದೋಷ ಇರುವುದು ನರದ ಸೋಡಿಯಂ ಬಾಗಿಲಿನ ಜೀನ್‌ನಲ್ಲಿ ಎಂದು 2005ರಲ್ಲಿ ಗೊತ್ತಾಯಿತು. ಅಮೆರಿಕದ ಸಂಶೋಧಕರು 2006ರಲ್ಲಿ ಇನ್ನೊಂದು ಸಂಗತಿ ಹೇಳಿದರು: ಮೈಗ್ರೇನ್ ಬಂದಾಗ ಮೆದುಳನ್ನು ಸುತ್ತಿರುವ ನೀರಿನಲ್ಲಿ ಸೋಡಿಯಂ ಸ್ವಲ್ಪ ಏರಿರುತ್ತದೆ, ಆದರೆ ರಕ್ತದಲ್ಲಿ ಏರಿರುವುದಿಲ್ಲ. ಹಾಗಾದರೆ ಸೋಡಿಯಂಗೂ ಈ ನೋವಿಗೂ ಏನೋ ಸಂಬಂಧ ಉಂಟು. ಆದರೆ ಮೆದುಳಿನ ಸೋಡಿಯಂ ಬೇರೆ, ನಾವು ಊಟದಲ್ಲಿ ತಿನ್ನುವ ಉಪ್ಪು ಬೇರೆ. ತಿಂದದ್ದು ನೇರ ತಲೆಗೆ ಹೋಗುವುದಿಲ್ಲ, ಮಧ್ಯದಲ್ಲಿ ಮೂತ್ರಪಿಂಡ ಕಾವಲು ಕೂತಿರುತ್ತದೆ. ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಕಡಿಮೆಯಾದರೆ ಹಿಡಿದಿಟ್ಟುಕೊಳ್ಳುತ್ತದೆ.

ಹಾಗಾದರೆ ಊಟದ ಉಪ್ಪನ್ನೇ ಲೆಕ್ಕ ಹಾಕಿ ನೋಡಿದವರು ಇದ್ದಾರಾ? ಇದ್ದಾರೆ. ಚೀಟಿ ಬರೆದ ಇಬ್ಬರಿಗೂ ಒಂದೊಂದು ಸಾಕ್ಷಿ ಸಿಗುತ್ತದೆ, ಅದೇ ತಮಾಷೆ.

ಅಮೆರಿಕದಲ್ಲಿ ಬಿ.ಪಿ. ಸ್ವಲ್ಪ ಹೆಚ್ಚಿದ್ದ ಜನರನ್ನು ಸೇರಿಸಿ, ಅವರಿಗೆ ಊಟವನ್ನೇ ತಯಾರು ಮಾಡಿ ಕೊಟ್ಟು, ಒಂದೊಂದು ತಿಂಗಳು ಒಂದೊಂದು ಅಳತೆಯ ಉಪ್ಪು ತಿನ್ನಿಸಿದರು. ದಿನಕ್ಕೆ ಸುಮಾರು 9 ಗ್ರಾಂ, 6 ಗ್ರಾಂ, 3 ಗ್ರಾಂ. ತಲೆನೋವು ಬಂತಾ ಎಂದು ಕೇಳಿ ಬರೆದಿಟ್ಟರು. 390 ಜನರ ಆ ಲೆಕ್ಕ 2014ರಲ್ಲಿ ಹೊರಗೆ ಬಂತು. ಉಪ್ಪು ಅತಿ ಕಡಿಮೆ ಇದ್ದ ತಿಂಗಳಲ್ಲಿ ತಲೆನೋವು ಹೇಳಿದವರು ಕಡಿಮೆ, ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಇಳಿದಿತ್ತು. ತರಕಾರಿ ಹಣ್ಣು ಹೆಚ್ಚು ಕೊಟ್ಟದ್ದರಿಂದ ಅಂತಹ ವ್ಯತ್ಯಾಸ ಕಾಣಲಿಲ್ಲ, ಉಪ್ಪಿನಿಂದ ಕಂಡಿತು. ಇದು ಒಳ್ಳೆಯ ಸಾಕ್ಷಿಯೇ, ಯಾಕೆಂದರೆ ಊಟ ಅವರ ಕೈಯಲ್ಲೇ ಇತ್ತು. ಆದರೆ ಅವರು ಕೇಳಿದ್ದು "ತಲೆನೋವು" ಎಂದಷ್ಟೇ. ಮೈಗ್ರೇನ್ ಯಾವುದು, ಸಾದಾ ತಲೆನೋವು ಯಾವುದು ಎಂದು ಬೇರೆ ಮಾಡಿರಲಿಲ್ಲ.

ಎರಡು ವರ್ಷದ ನಂತರ, 2016ರಲ್ಲಿ, ಅದೇ ದೇಶದಿಂದ ಇನ್ನೊಂದು ಲೆಕ್ಕ ಬಂತು. 1999ರಿಂದ 2004ರವರೆಗೆ ಸರ್ಕಾರ ಮಾಡಿದ್ದ ದೊಡ್ಡ ಆರೋಗ್ಯ ಸಮೀಕ್ಷೆಯಲ್ಲಿ 8,819 ಜನರ ಊಟವನ್ನೂ ತಲೆನೋವನ್ನೂ ಹೋಲಿಸಿ ನೋಡಿದರು. ಉಪ್ಪು ಹೆಚ್ಚು ತಿನ್ನುವವರಲ್ಲಿ ಮೈಗ್ರೇನ್ ಅಥವಾ ಜೋರು ತಲೆನೋವು ಇರುವವರು ಕಡಿಮೆ! ಹೆಂಗಸರಲ್ಲಿ ಈ ವ್ಯತ್ಯಾಸ ಕಂಡದ್ದು ತೂಕ ಕಡಿಮೆ ಇದ್ದವರಲ್ಲಿ ಮಾತ್ರ. ನೋಡಿ, ಒಂದು ಹೀಗೆ, ಒಂದು ಹಾಗೆ.

ಇದನ್ನು ಕೇಳಿ "ಡಾಕ್ಟರುಗಳಿಗೇ ಗೊತ್ತಿಲ್ಲ" ಎಂದು ಕೈ ಚೆಲ್ಲಬೇಡಿ. ಎರಡನೆಯ ಲೆಕ್ಕದಲ್ಲಿ ಊಟ ಕೊಟ್ಟು ನೋಡಿದ್ದಲ್ಲ, ನಿನ್ನೆ ಏನು ತಿಂದಿರಿ ಎಂದು ಕೇಳಿ ಬರೆದದ್ದು. ತಲೆನೋವು ಇರುವವರು ಮೊದಲೇ ಹೆದರಿ ಚಿಪ್ಸು, ಉಪ್ಪಿನಕಾಯಿ ಬಿಟ್ಟಿರಬಹುದು. ವಾಕರಿಕೆಯಿಂದ ಊಟವೇ ಕಡಿಮೆ ಮಾಡಿರಬಹುದು. ಆಗ ಉಪ್ಪು ಕಡಿಮೆ ಇದ್ದದ್ದು ನೋವಿನ ಕಾರಣ ಅಲ್ಲ, ನೋವಿನ ಫಲ. ನಮ್ಮ ಅಭಿಪ್ರಾಯ ಕೇಳಿದರೆ, ಮೊದಲನೆಯದಕ್ಕೆ ತೂಕ ಸ್ವಲ್ಪ ಹೆಚ್ಚು ಕೊಡಬೇಕು. ಆದರೆ ಮೈಗ್ರೇನ್ ಇರುವವರೆಲ್ಲ ಉಪ್ಪು ಬಿಡಿ ಎನ್ನಲು ಅದು ಸಾಲದು. ಉಪ್ಪು ಹೆಚ್ಚು ತಿನ್ನಿ ಎನ್ನಲು ಎರಡನೆಯದು ಏನೇನೂ ಸಾಲದು.

ಇಲ್ಲಿ ಇನ್ನೊಂದು ವಿಷಯ, ನಮಗೆ ಬಹಳ ಮುಖ್ಯ ಎನಿಸಿದ್ದು. ಮೈಗ್ರೇನ್ ಎಂದರೆ ನೋವು ಶುರುವಾದ ಹೊತ್ತಿನಿಂದ ಅಲ್ಲ. ನೋವಿಗೆ ಕೆಲವು ಗಂಟೆ, ಕೆಲವರಿಗೆ ಒಂದು ದಿನ ಮೊದಲೇ ಮೆದುಳಿನಲ್ಲಿ ಅದು ಹೊರಟಿರುತ್ತದೆ. ಆಕಳಿಕೆ ಬರುವುದು, ಕುತ್ತಿಗೆ ಹಿಡಿದ ಹಾಗೆ ಆಗುವುದು, ಸುಮ್ಮನೆ ಸಿಟ್ಟು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು. ಇದರ ಜೊತೆ ಏನಾದರೂ ತಿನ್ನಬೇಕೆಂಬ ಆಸೆ. ಕೆಲವರಿಗೆ ಸಿಹಿ, ಕೆಲವರಿಗೆ ಉಪ್ಪು ಖಾರ. ಸಂಜೆ ಒಬ್ಬರಿಗೆ ಒಣಮೀನು ಚಟ್ನಿಯ ಆಸೆ ಆಗುತ್ತದೆ, ತಿನ್ನುತ್ತಾರೆ. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತದೆ. "ಒಣಮೀನಿನಿಂದಲೇ ಆದದ್ದು" ಎನ್ನುತ್ತಾರೆ ಅತ್ತೆ. ಆದರೆ ಒಣಮೀನು ತಲೆನೋವನ್ನು ತಂದಿತೋ, ಬರಲಿದ್ದ ತಲೆನೋವು ಒಣಮೀನಿನ ಆಸೆಯನ್ನು ತಂದಿತೋ? ಒಂದೆರಡು ಸಲ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಆಸೆ ಇಲ್ಲದೆ, ಮನೆಯಲ್ಲಿ ಮಾಡಿದ್ದಾರೆಂದು ಒಣಮೀನು ತಿಂದ ದಿನಗಳಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. ಅದನ್ನು ಯಾರೂ ನೆನಪಿಡುವುದಿಲ್ಲ, ಮಾರಾಯರೆ. ನೋವು ಬಂದ ದಿನ ಮಾತ್ರ ನೆನಪಿರುತ್ತದೆ.

ಉಪ್ಪಿನಿಂದ ನೋವು ಬರುತ್ತದೆ ಎಂದು ಗಟ್ಟಿಯಾಗಿ ಹೇಳುವವರು ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವುದಿಲ್ಲ. ನಮ್ಮ ಕಡೆ ಅವರನ್ನು ಕೇಳಿದಾಗ ಸಾಮಾನ್ಯವಾಗಿ ಕಥೆ ಒಂದೇ ರೀತಿ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಇಲ್ಲ, ಹಸಿದ ಹೊಟ್ಟೆಗೆ ಒಂದು ಪ್ಯಾಕೆಟ್ ಮಿಕ್ಸ್‌ಚರ್ ಅಥವಾ ಹಪ್ಪಳ ಉಪ್ಪಿನಕಾಯಿ, ಕುಡಿಯಲು ನೀರಿಲ್ಲ. ಅಲ್ಲಿ ಉಪ್ಪು ಒಬ್ಬನೇ ಕಳ್ಳನಾ? ಹಸಿವು ಮೈಗ್ರೇನ್ ಎಬ್ಬಿಸುತ್ತದೆ ಎಂಬುದರಲ್ಲಿ ಸಂಶಯ ಇಲ್ಲ. ತಪಸ್ಸುಕಾಲದ ಉಪವಾಸ ಇರಲಿ, ರಂಜಾನ್ ಇರಲಿ, ಏಕಾದಶಿ ಇರಲಿ, ಆ ದಿನಗಳಲ್ಲಿ ತಲೆನೋವು ಬರುವವರು ನಿಮ್ಮಲ್ಲೇ ಇದ್ದೀರಿ. ಬಾಯಾರಿಕೆಯೂ ಎಬ್ಬಿಸುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಹೇಳುತ್ತೇವೆ, ಇಲ್ಲಿ ಇದ್ದ ಹಾಗೆಯೇ ತೆಗೆದುಕೊಳ್ಳಿ.

ಇನ್ನು ಬೆವರಿನ ಪ್ರಶ್ನೆ. ಇದು ಪೇಟೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ, ನಮ್ಮ ತೋಟಗಳಲ್ಲಿ ಸಿಗುತ್ತದೆ. ಬೆಳಿಗ್ಗೆ ನಾಲ್ಕು ಗಂಟೆಗೆ ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗ್‌ಗೆ ಹೋಗುವವರು, ಅಡಿಕೆ ಕೊಯ್ಲಿನಲ್ಲಿ ಗೊನೆ ಹೊರುವವರು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಮದ್ದು ಬಿಡುವವರು. ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲಿ 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳೂ ತಲೆಮಾರಿನಿಂದ ಇದೇ ಕೆಲಸ ಮಾಡುತ್ತಿವೆ. ಅಂಗಿ ಒಣಗಿದಾಗ ಬೆನ್ನ ಮೇಲೆ ಬಿಳಿ ಗೆರೆ ಬಿದ್ದದ್ದನ್ನು ನೋಡಿದ್ದೀರಲ್ಲ, ಅದು ಉಪ್ಪು. ಇಷ್ಟು ಬೆವರುವವರಿಗೂ, ಪುತ್ತೂರಿನ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಬಿಲ್ಲು ಬರೆಯುವವರಿಗೂ ಒಂದೇ ಉಪ್ಪಿನ ಲೆಕ್ಕ ಹೇಳಿದ್ದು ನಮ್ಮ ತಪ್ಪು. ಮೈಯೆಲ್ಲ ಬೆವರಿ ಬರೀ ನೀರು ಕುಡಿದರೆ ತಲೆನೋವು, ವಾಕರಿಕೆ, ಸುಸ್ತು ಆಗಬಹುದು. ಅದು ಮೈಗ್ರೇನ್‌ನಂತೆಯೇ ಕಾಣುತ್ತದೆ. ಅಂತಹ ದಿನ ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವುದು ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು, ಒಳ್ಳೆಯದೇ. ಅಥವಾ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಅದನ್ನು ಅರ್ಧ ಲೋಟದಲ್ಲಿ ಕಲಸಬೇಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರು.

ಆದರೆ ಇದನ್ನೇ ಹಿಡಿದು ಎರಡನೆಯ ಚೀಟಿಗೆ "ಹೌದು" ಎಂದು ಬರೆದುಕೊಳ್ಳಬೇಡಿ. ಮೊಬೈಲಿನಲ್ಲಿ ಬರುತ್ತದಲ್ಲ, ಒಂದು ಲೋಟ ನಿಂಬೆ ಶರಬತ್ತಿಗೆ ಎರಡು ಚಮಚ ಗುಲಾಬಿ ಬಣ್ಣದ ಕಲ್ಲುಪ್ಪು ಹಾಕಿ ಕುಡಿದರೆ ಅರೆತಲೆನೋವು ಕೂಡಲೇ ಮಾಯ ಎಂದು. ಸುಳ್ಯದ ಒಂದು ಸಂಘದ ಸದಸ್ಯೆ ಅದನ್ನು ಎರಡು ತಿಂಗಳು ಮಾಡಿದರು. ತಲೆನೋವು ಬಂದಾಗೆಲ್ಲ ಒಂದು ಲೋಟ. ಅವರಿಗೆ ಬಿ.ಪಿ. ಉಂಟು, ಅದು ಅವರಿಗೇ ಗೊತ್ತಿರಲಿಲ್ಲ. ಕಾಲು ಊದಿಕೊಂಡಾಗ ಆಶಾ ಕಾರ್ಯಕರ್ತೆ ಬಿ.ಪಿ. ನೋಡಿಸಿ, ಅದು ಗೊತ್ತಾದದ್ದು. ಗುಲಾಬಿ ಇರಲಿ, ಕಪ್ಪು ಇರಲಿ, ಇಂದುಪ್ಪು ಇರಲಿ, ಎಲ್ಲವೂ ಹೆಚ್ಚು ಕಡಿಮೆ ಅದೇ ಉಪ್ಪು. ಬಣ್ಣ ಕೊಡುವ ಖನಿಜ ಇರುವುದು ಲೆಕ್ಕಕ್ಕೆ ಇಲ್ಲದಷ್ಟು. ಬೆಲೆ ಮಾತ್ರ ಹಲವು ಪಟ್ಟು. ಅದೂ ಅಲ್ಲದೆ ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪನ್ನು ಬಿಟ್ಟು ಅದನ್ನೇ ಬಳಸಿದರೆ ಗರ್ಭಿಣಿಯರಿಗೆ, ಮಕ್ಕಳಿಗೆ ಅಯೋಡಿನ್ ಕೊರತೆ ಆಗಬಹುದು. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಬೇರೆ ಒಂದು ಬರುತ್ತದೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಹಾಗಾದರೆ ಎಷ್ಟು ಉಪ್ಪು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ, ಅಂದರೆ ಒಂದು ಚಹಾ ಚಮಚ, ರಾಶಿ ಅಲ್ಲ, ಸಮ ಮಟ್ಟ. ನಮ್ಮ ದೇಶದವರು ಸರಾಸರಿ 8 ಗ್ರಾಂ ತಿನ್ನುತ್ತಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ವರದಿ ಹೇಳಿತು. ನಿಮ್ಮ ಮನೆಯದ್ದನ್ನು ಲೆಕ್ಕ ಹಾಕಲು ತಕ್ಕಡಿ ಬೇಡ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ 50 ದಿನ ಬಂದರೆ ಒಬ್ಬರಿಗೆ ದಿನಕ್ಕೆ 5 ಗ್ರಾಂ. ಒಂದೇ ತಿಂಗಳಲ್ಲಿ ಮುಗಿದರೆ 8 ಗ್ರಾಂ ದಾಟಿತು ಎಂದು ತಿಳಿಯಿರಿ. ಅಂಗಡಿಯ ಉಪ್ಪಿನಕಾಯಿ, ಬೇಕರಿ ತಿಂಡಿ, ಒಣಮೀನು ಇದಕ್ಕೆ ಹೊರತು. ಭರಣಿಗೆ ಉಪ್ಪು ಹಾಕುವ ಏಪ್ರಿಲ್, ಮೇ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಡಿದರೆ ಹೆದರಿಕೆ ಆದೀತು.

ಬಿ.ಪಿ. ಇರುವವರು ಉಪ್ಪು ಕಡಿಮೆ ಮಾಡಲೇಬೇಕು. ತಲೆನೋವು ಕಡಿಮೆ ಆಗಲಿ ಆಗದಿರಲಿ, ಅದು ಹೃದಯಕ್ಕೆ, ಮೆದುಳಿನ ರಕ್ತನಾಳಕ್ಕೆ ಬೇಕಾದದ್ದು. ತಲೆನೋವೂ ಇಳಿದರೆ ಲಾಭ. ಆದರೆ ಕಡಿಮೆ ಎಂದರೆ ಬಿಡುವುದಲ್ಲ. ಗಂಜಿಗೆ ಉಪ್ಪು ಇರಲಿ, ಅದರ ಪಕ್ಕದ ಉಪ್ಪಿನಕಾಯಿಯನ್ನು ಬೆರಳಿನಷ್ಟಕ್ಕೆ ಇಳಿಸಿ. ಉಪ್ಪಿನ ಸೊಳೆಯನ್ನು ನೀರಿನಲ್ಲಿ ಹಾಕಿ, ನೀರು ಬದಲಾಯಿಸಿ, ಉಪ್ಪು ಬಿಡಿಸಿ ಪಲ್ಯ ಮಾಡುವುದು ನಮ್ಮಲ್ಲಿ ಇರುವ ಪದ್ಧತಿಯೇ. ಗಡಿಬಿಡಿಯಲ್ಲಿ ಒಂದೇ ಸಲ ತೊಳೆದು ಬಾಣಲೆಗೆ ಹಾಕುತ್ತೇವೆ, ಅಷ್ಟೆ. ಒಣಮೀನಿಗೂ ಹಾಗೆ. ಟ್ಯಾಪಿಂಗ್ ಮಾಡುವವರಿಗೆ ಬಿ.ಪಿ.ಯೂ ಇದ್ದು ಮೂತ್ರದ ಮಾತ್ರೆಯೂ ಇದ್ದರೆ, ಬೇಸಗೆಯಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಎಂದು ಡಾಕ್ಟರ ಹತ್ತಿರ ಕೇಳಿಯೇ ಮಾಡಿ. ಕೇಳುವಾಗ "ನಾನು ಬಿಸಿಲಲ್ಲಿ ಕೆಲಸ ಮಾಡುವವಳು" ಎಂದು ಹೇಳಲು ಮರೆಯಬೇಡಿ. ಅವರು ಕೇಳದಿದ್ದರೂ ನೀವೇ ಹೇಳಿ.

ಉಪ್ಪಿನ ಮಾತಿನ ನಡುವೆ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇಲ್ಲಿರುವ ಎಷ್ಟೋ ಜನರ ತಲೆನೋವಿಗೆ ಉಪ್ಪಿಗಿಂತ ದೊಡ್ಡ ಕಾರಣ ಪರ್ಸಿನಲ್ಲಿರುವ ಮಾತ್ರೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಮದ್ದು ಸೇರಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳ ಮೇಲೆ ತಿಂದರೆ, ಮಾತ್ರೆಯೇ ಹೊಸ ತಲೆನೋವು ಹುಟ್ಟಿಸಬಹುದು. ಕೆಲವು ನೋವಿನ ಮಾತ್ರೆಗಳು ಬಿ.ಪಿ. ಏರಿಸುತ್ತವೆ. ಬೆವರಿ ಬಸವಳಿದ ಮೈಗೆ ಮೂತ್ರಪಿಂಡಕ್ಕೂ ಪೆಟ್ಟು. ಬೀಡಿ ಕಟ್ಟುವ ಒಬ್ಬರು ಅಕ್ಕ ದಿನಕ್ಕೆ ಎರಡು ನುಂಗುತ್ತಿದ್ದರು, ಗೂಡಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದಲ್ಲ. ಉಪ್ಪು ಬಿಟ್ಟು ನೋಡಿದ್ದರು, ಕಾಫಿ ಬಿಟ್ಟು ನೋಡಿದ್ದರು, ಹರಕೆಯನ್ನೂ ಹೊತ್ತಿದ್ದರು. ಮಾತ್ರೆಯನ್ನು ಸಂಶಯ ಪಟ್ಟಿರಲಿಲ್ಲ. ಆಗಾಗ ಬರುವ ಮೈಗ್ರೇನ್ ಅನ್ನು ತಡೆಯಲು ದಿನಾ ತೆಗೆದುಕೊಳ್ಳುವ ಬೇರೆ ಮದ್ದುಗಳಿವೆ, ಹಳೆಯವು, ದುಬಾರಿ ಅಲ್ಲ, ಡಾಕ್ಟರು ನೋಡಿ ಕೊಡಬೇಕು. ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದಾಗ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆ ಇವುಗಳ ಸಾಲಿನಲ್ಲಿ ತಲೆನೋವನ್ನೂ ಸೇರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೀ ತಲೆನೋವಿಗೆ ಹೋಗುವುದಾ ಎಂದು ನಾಚಿಕೆ ಪಡುವ ಅಗತ್ಯ ಇಲ್ಲ.

ಕೆಲವು ತಲೆನೋವಿಗೆ ಮಾತ್ರ ಉಪ್ಪೂ ಬೇಡ, ಪುಸ್ತಕವೂ ಬೇಡ, ಜೀಪು ಹಿಡಿದು ನೇರ ಆಸ್ಪತ್ರೆಗೆ. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಗ್ಗದಿರುವುದು, ಬಾಯಿ ಸೊಟ್ಟ ಆಗಿ ಮಾತು ತೊದಲುವುದು, ಒಂದು ಕೈ ಎತ್ತಲು ಆಗದಿರುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಗರ್ಭಿಣಿಗೆ ಕಣ್ಣು ಮಂಜಾಗಿ ಬಂದ ತಲೆನೋವು. 50 ದಾಟಿದ ಮೇಲೆ ಜೀವನದಲ್ಲೇ ಮೊದಲ ಸಲ ಬಂದ ತಲೆನೋವನ್ನೂ ಅರೆತಲೆನೋವು ಎಂದು ಮನೆಯಲ್ಲೇ ಹೆಸರಿಡಬೇಡಿ.

ಈಗ ಪುಸ್ತಕದ ವಿಷಯ. ಆಗ ಹೇಳಿದ ಕಡಬದ ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ನಾವು ಅವರಿಗೆ ಒಂದು ನೂರು ಪುಟದ ಪುಸ್ತಕ ಕೊಟ್ಟೆವು. ನೋವು ಬಂದ ದಿನ ಮಾತ್ರ ಅಲ್ಲ, ಬಾರದ ದಿನವೂ ಒಂದೇ ಗೆರೆ ಬರೆಯಬೇಕು ಎಂದೆವು. ಎಷ್ಟು ಹೊತ್ತಿಗೆ ಎದ್ದದ್ದು, ಮೊದಲ ತುತ್ತು ಎಷ್ಟು ಗಂಟೆಗೆ, ನೀರು, ಉಪ್ಪಿನ ಪದಾರ್ಥ ಏನು, ಮುಟ್ಟಿನ ದಿನವೋ, ಮಾತ್ರೆ ತಿಂದರೋ. ಅವರಿಗೆ ಬರೆಯಲು ಕಷ್ಟ, ಒಂಬತ್ತನೆಯ ತರಗತಿಯ ಮಗಳು ಬರೆದುಕೊಟ್ಟಳು. ಮೂರು ತಿಂಗಳ ನಂತರ ಒಟ್ಟಿಗೆ ಕೂತು ನೋಡಿದೆವು. ಒಣಮೀನು, ಉಪ್ಪಿನಕಾಯಿ ನೋವು ಬಂದ ದಿನವೂ ಇತ್ತು, ಬಾರದ ದಿನವೂ ಅಷ್ಟೇ ಇತ್ತು. ಆದರೆ ನೋವು ಬಂದ ದಿನಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಏನೂ ತಿನ್ನದೆ ಟ್ಯಾಪಿಂಗ್‌ಗೆ ಹೋಗಿ, ಹಾಲು ಎತ್ತಿ, ಶೀಟು ಹಾಕಿ, ಹತ್ತೂವರೆಗೆ ಮೊದಲ ತುತ್ತು ತಿಂದ ದಿನಗಳು. ಉಳಿದವು ಮುಟ್ಟಿನ ಹಿಂದಿನ ಎರಡು ದಿನ. ಇದು ಅವರ ಪುಸ್ತಕ. ನಿಮ್ಮ ಪುಸ್ತಕದಲ್ಲಿ ಉಪ್ಪಿನ ಗುರುತು ನಿಜವಾಗಿ ಕಂಡರೂ ಕಾಣಬಹುದು. ಹಾಗೆ ಕಂಡವರು ಆ ಒಂದು ಪದಾರ್ಥವನ್ನು ಎರಡು ತಿಂಗಳು ಬಿಟ್ಟು ನೋಡಿ, ಇಡೀ ಉಪ್ಪನ್ನು ಅಲ್ಲ.

ಅಕ್ಕ ಈಗ ನಾಲ್ಕು ಗಂಟೆಗೆ ಹೊರಡುವ ಮೊದಲು ರಾತ್ರಿಯ ಗಂಜಿ ಎರಡು ಸೌಟು ಉಪ್ಪು ಹಾಕಿ ಉಣ್ಣುತ್ತಾರೆ, ಬಾಟಲಿಯಲ್ಲಿ ನೀರು ಒಯ್ಯುತ್ತಾರೆ. ಡಾಕ್ಟರು ಬಿ.ಪಿ. ಮಾತ್ರೆ ಬದಲಾಯಿಸಿದ್ದಾರೆ. ತಲೆನೋವು ನಿಂತಿಲ್ಲ. ಮುಟ್ಟಿನ ಸಮಯದ್ದು ಹಾಗೇ ಉಂಟು. ಉಳಿದದ್ದು ಮೊದಲಿನಷ್ಟು ಸಲ ಬರುವುದಿಲ್ಲ ಎನ್ನುತ್ತಾರೆ, ಪುಸ್ತಕವೂ ಹಾಗೇ ಹೇಳುತ್ತದೆ.

ಅಂತಹ ಪುಸ್ತಕಗಳನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇವೆ. ತಲೆನೋವು ಇರುವವರು ಮಾತ್ರ ತೆಗೆದುಕೊಳ್ಳಿ, ಮಕ್ಕಳ ನೋಟ್ಸಿಗೆ ಬೇಡ! ಬರೆಯಲು ಬಾರದವರು ಗೆರೆ, ಚುಕ್ಕಿ ಹಾಕಿದರೂ ಸಾಕು, ಹೇಗೆಂದು ಊಟದ ಹೊತ್ತಿನಲ್ಲಿ ತೋರಿಸಿಕೊಡುತ್ತೇವೆ. ಮೂರು ತಿಂಗಳ ನಂತರದ ಸಭೆಗೆ ಅದನ್ನು ತನ್ನಿ. ಬಿ.ಪಿ. ನೋಡಿಸದವರು ಇವತ್ತೇ ಪಕ್ಕದ ಕೋಣೆಯಲ್ಲಿ ನೋಡಿಸಿಕೊಂಡು ಹೋಗಿ. ಈ ಸಲ ಸಾಲು ಉದ್ದ ಆದರೂ ಪರವಾಗಿಲ್ಲ, ಒಬ್ಬೊಬ್ಬರ ಹತ್ತಿರ ಕೂತು ಮಾತಾಡುತ್ತೇವೆ. ಬಸ್ಸು ಸಂಜೆ ಐದಕ್ಕೂ ಒಂದು ಉಂಟು.